ಎಡಗಾಲು ಹಾಕದ ತಾಳ

ಬಾಣಂತನದ ಹನ್ನೆರಡನೇ ದಿನ ಬೆಳಿಗ್ಗೆ ಧನುಶ್ರೀಯ ಎಡಗಾಲಿಗೆ ಕಾಲುಚೀಲ ಏರಲಿಲ್ಲ. ಬಲಗಾಲಿಗೆ ಸಲೀಸಾಗಿ ಏರಿದ ಅದೇ ಜೊತೆಯ ಉಣ್ಣೆಯ ಚೀಲ ಎಡಗಾಲಿನ ಹಿಮ್ಮಡಿ ದಾಟಿ ಮೀನಖಂಡದ ಕೆಳಗೆ ಬಂದು ನಿಂತುಬಿಟ್ಟಿತು. ಇನ್ನೊಮ್ಮೆ ಎಳೆದಳು. ಒಳಗಡೆ ಯಾರೋ ಹಗ್ಗ ಹಾಕಿ ಬಿಗಿದ ಹಾಗೆ ನೋವು. ಅಡುಗೆಮನೆಯಲ್ಲಿ ಗಂಡ ಶ್ರೀಹರ್ಷ ಮೆಣಸಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಅವನು ಬರುವಷ್ಟರಲ್ಲಿ ಅವಳು ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು, ಮಗುವಿನ ತಲೆ ಸವರುತ್ತ ಮಲಗಿದಳು.

ಮುಚ್ಚಿಟ್ಟಿದ್ದಕ್ಕೆ ಕಾರಣ ಇತ್ತು. ಹರ್ಷನಿಗೆ ಗೊತ್ತಾದದ್ದು ಐದು ನಿಮಿಷದಲ್ಲಿ ಮೈಸೂರಿಗೆ ಗೊತ್ತಾಗುತ್ತಿತ್ತು. ಮೈಸೂರಿಗೆ ಗೊತ್ತಾದರೆ ಇನ್ನೂ ಮೂರು ಹೊಸ ಪಥ್ಯ ಬರುತ್ತಿತ್ತು.

ವಿಡಿಯೋ ಕಾಲ್‌ನಲ್ಲಿ ಬಾಣಂತನ ಮಾಡಿಸಬಹುದು ಅಂತ ಆ ವರ್ಷ ತೋರಿಸಿಕೊಟ್ಟವರಲ್ಲಿ ಧನುಶ್ರೀಯ ತಾಯಿ ಜಯಮಾಲಾ ಒಬ್ಬಳು. ಎರಡು ಸಾವಿರದ ಇಪ್ಪತ್ತರ ಮಾರ್ಚ್ ಇಪ್ಪತ್ತೈದಕ್ಕೆ ಡಬ್ಲಿನ್‌ಗೆ ಟಿಕೆಟ್ ಆಗಿತ್ತು, ವೀಸಾ ಬಂದಿತ್ತು, ಲೇಹ್ಯ, ಬಜೆ, ಓಮ, ಹಳೇ ಸೀರೆ ಹರಿದ ಬಟ್ಟೆಗಳೆಲ್ಲ ನೀಲಿ ಸೂಟ್‌ಕೇಸಿನೊಳಗೆ ಕೂತಿದ್ದವು. ಮೂರು ದಿನ ಮುಂಚೆ ವಿಮಾನಗಳೇ ನಿಂತುಹೋದವು. ಸೂಟ್‌ಕೇಸನ್ನು ಬಿಚ್ಚಲು ಆಕೆ ಒಪ್ಪಲಿಲ್ಲ. ದಿನಾ ಫೋನಿನಲ್ಲಿ ಆಕೆಯ ಬೆನ್ನ ಹಿಂದೆ ಅದು ಎದ್ದು ನಿಂತು ಕಾಣುತ್ತಿತ್ತು, ಕರೆದರೆ ಹೊರಟೇಬಿಡುವ ನೆಂಟರ ಹಾಗೆ.

ಏಪ್ರಿಲ್ ಕೊನೆಗೆ ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಮಗು ಮನೆಗೆ ಬಂದ ದಿನದಿಂದ ಡಬ್ಲಿನ್ ಅಂಚಿನ ಟಾಲಾದಲ್ಲಿದ್ದ ಎರಡನೇ ಮಹಡಿಯ ಆ ಫ್ಲ್ಯಾಟ್ ಜಯಮಾಲಾಳ ಆಳ್ವಿಕೆಗೆ ಬಂತು. ಅಲ್ಲಿಯ ಬೆಳಗಿನ ಏಳು ಅಂದರೆ ಮೈಸೂರಿನ ಹನ್ನೊಂದೂವರೆ. ಟಿಶ್ಯೂ ಡಬ್ಬಿಗೆ ಫೋನ್ ಒರಗಿಸಿ ಹರ್ಷ ಎದುರಿಗೆ ನಿಲ್ಲುತ್ತಿದ್ದ. "ಅಳಿಯಂದ್ರೆ, ಹೊಟ್ಟೆ ಕಟ್ಟೋವಾಗ ಹೊಲಿಗೆ ಬಿಟ್ಟು ಮೇಲೆ ಕಟ್ಟಿ. ಇನ್ನೂ ಬಿಗಿ. ನೀವೇನು ಗಿಫ್ಟ್ ಪ್ಯಾಕ್ ಮಾಡ್ತಿದೀರಾ?" ಹರ್ಷ ಸಾಫ್ಟ್‌ವೇರ್ ಇಂಜಿನಿಯರು, ಬರೆದುಕೊಟ್ಟದ್ದನ್ನು ಬರೆದ ಹಾಗೆಯೇ ಮಾಡುವವನು. ಅತ್ತೆ ಹೇಳಿದ ನಿಯಮಗಳನ್ನೆಲ್ಲ ಸಾಲಾಗಿ ಟೈಪ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ಚೀಲ. ಓದಬಾರದು, ಕಣ್ಣು ಹೋಗತ್ತೆ. ನೀರು ದಿನಕ್ಕೆ ಎರಡು ಲೋಟ, ಅದೂ ಕುದಿಸಿದ್ದು, ಇಲ್ಲದಿದ್ದರೆ ಹೊಟ್ಟೆ ಇಳಿಯಲ್ಲ. ಬಚ್ಚಲಿಗೆ ಬಿಟ್ಟು ಇನ್ನೆಲ್ಲಿಗೂ ಏಳಬಾರದು. ಮನೆಗೆ ಬಂದ ಮೂರನೇ ದಿನ ಬಾಣಲೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿ ಇಡೀ ಕಟ್ಟಡದ ಬೆಂಕಿ ಅಲಾರಂ ಕೂಗಿಸಿದ್ದೂ ಅವನೇ. ಮೂವತ್ತು ಮನೆಯವರು ಮಾಸ್ಕ್ ಹಾಕಿಕೊಂಡು ಕೆಳಗಿಳಿದು ನಿಂತಿದ್ದರು. ಆಮೇಲೆ ಸಾಂಬ್ರಾಣಿಯೊಂದನ್ನು ಪಟ್ಟಿಯಿಂದ ತೆಗೆದರು, ಉಳಿದದ್ದು ಹಾಗೇ ನಡೆಯಿತು.

ಜಯಮಾಲಾಳ ಬಿಗಿ ಬರೀ ಪದ್ಧತಿಯದ್ದಾಗಿರಲಿಲ್ಲ. ಅವಳ ತಂಗಿ ಗೀತಾ ಬಾಣಂತನದ ಹದಿನೇಳನೇ ದಿನ ತೀರಿಕೊಂಡಿದ್ದಳು, ಧನುಶ್ರೀ ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಆ ಬೆಳಿಗ್ಗೆ ತಲೆಗೆ ಬಟ್ಟೆ ಕಟ್ಟದೆ ಹಿತ್ತಲಿಗೆ ಎದ್ದು ಹೋಗಿ, ತಣ್ಣೀರು ಕುಡಿದಳು. ಒಳಗೆ ಬಂದವಳೇ ಎದೆ ಹಿಡಿದುಕೊಂಡು ಕೂತಳು, ಅಷ್ಟೇ. ಶೀತ ಎದೆಗೇರಿತು ಅಂದರು ದೊಡ್ಡವರು. ಮನೆಯಲ್ಲಿ ಯಾವ ಹುಡುಗಿ ಹೆತ್ತರೂ ಆ ಕತೆ ಹೇಳದೆ ಜಯಮಾಲಾ ಬಿಡುತ್ತಿರಲಿಲ್ಲ. ಕತೆ ಕೇಳಿ ಬೆಳೆದ ಧನುಶ್ರೀಗೆ ನಿಯಮ ಮುರಿಯುವುದೆಂದರೆ ಗೀತಾ ಚಿಕ್ಕಮ್ಮನ ಹಿಂದೆ ಹಿತ್ತಲಿಗೆ ಹೆಜ್ಜೆ ಇಟ್ಟ ಹಾಗೆ.

ಹಾಗಾಗಿ ಒಂಬತ್ತನೇ ದಿನ ಪಬ್ಲಿಕ್ ಹೆಲ್ತ್ ನರ್ಸ್ ಮರೇಡ್ ಫೋನ್ ಮಾಡಿದಾಗ ಅವಳು ಸುಳ್ಳು ಹೇಳಿದ್ದಳು. ಬೇರೆ ಸಮಯವಾಗಿದ್ದರೆ ಮನೆಗೇ ಬಂದು ನೋಡುತ್ತಿದ್ದ ಹೆಂಗಸು, ಕೊರೊನಾದ ದೆಸೆಯಿಂದ ಫೋನಿನಲ್ಲೇ ವಿಚಾರಿಸುತ್ತಿದ್ದಳು. ದಿನಾ ಸ್ವಲ್ಪ ಓಡಾಡುತ್ತಿದ್ದೀಯಾ? ನೀರು ಚೆನ್ನಾಗಿ ಕುಡೀತಿದ್ದೀಯಾ? ಕಾಲಲ್ಲಿ ನೋವು, ಊತ? ಧನುಶ್ರೀ ಎಲ್ಲದಕ್ಕೂ, ಚೆನ್ನಾಗಿದ್ದೀನಿ ಅನ್ನಲು ಅಲ್ಲಿನ ಜನ ಹೇಳುವ ಒಂದೇ ಮಾತು ಹೇಳಿದಳು: "ಗ್ರ್ಯಾಂಡ್, ಐ ಆಮ್ ಗ್ರ್ಯಾಂಡ್." ಆ ನಾಡಿನಲ್ಲಿ ಆ ಪದ ಹೇಳಿದರೆ ಮುಂದೆ ಯಾರೂ ಕೆದಕುವುದಿಲ್ಲ. ಎಡಗಾಲಿನಲ್ಲಿ ಸಣ್ಣ ಹಿಡಿತ ಆಗಲೇ ಶುರುವಾಗಿತ್ತು.

ಈಗ ಚೀಲ ಏರದ ಕಾಲನ್ನು ಹೊದಿಕೆಯಡಿ ಬಚ್ಚಿಟ್ಟುಕೊಂಡು ಮಲಗಿದವಳ ದಿಂಬಿನ ಕೆಳಗೆ ಫೋನ್ ಗುಂಯ್‌ಗುಟ್ಟಿತು. ಒಂದಲ್ಲ, ಮೂವತ್ತೆರಡು ಮೆಸೇಜು. ಸೆಗಾವಾ ಸಂಘ ಎದ್ದಿತ್ತು.

ಚಿಹಾಯ ಸೆಗಾವಾ ಜಪಾನಿನ ಒಬ್ಬ ಪಾಪ್ ಗಾಯಕಿ. ಮೈಸೂರಿನ ಸರಸ್ವತಿಪುರದಲ್ಲಿ, ಒಂದು ಟೈಪಿಂಗ್ ಶಾಲೆಯ ಮಹಡಿಯ ಮೇಲೆ ರಜನಿ ಮಿಸ್ ಜಪಾನಿ ಭಾಷೆ ಕಲಿಸುತ್ತಿದ್ದರು. ಪಠ್ಯಪುಸ್ತಕದ ನಡುವೆ ಅವರು ಸೆಗಾವಾಳ ಹಾಡು ಹಾಕುತ್ತಿದ್ದರು, ಯಾಕೆಂದರೆ ಅವಳು ನಿಧಾನವಾಗಿ ಹಾಡುತ್ತಿದ್ದಳು. ಒಂದು ಪಿಯಾನೊ, ಅದರ ಮೇಲೆ ಅವಳ ದನಿ, ಒಂದೊಂದು ಪದವೂ ತಟ್ಟೆಯಲ್ಲಿ ಜೋಡಿಸಿಟ್ಟ ಹಾಗೆ ಬಿಡಿಬಿಡಿ. ಡ್ರಮ್ ಅನ್ನುವುದು ಅವಳ ಆರು ಆಲ್ಬಂಗಳಲ್ಲಿ ಎಲ್ಲೂ ಇರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಧನುಶ್ರೀ ಹಾಡನ್ನು ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು, ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲಿ ಅರ್ಥ ಬರೆದಳು. ಹಾಗೆ ಆರು ಆಲ್ಬಂ, ನಾಲ್ಕು ನೋಟ್‌ಬುಕ್ಕು. ಐರ್ಲೆಂಡಿನ ಡನ್‌ಡಾಕ್‌ಗೆ ಮಾಸ್ಟರ್ಸ್ ಮಾಡಲು ಬಂದಾಗ ಅವು ಅವಳ ಜೊತೆಗೇ ಬಂದವು. ಓದು ಮುಗಿದ ಮೇಲೆ ಸಿಟಿವೆಸ್ಟ್‌ನ ಒಂದು ಕಂಪನಿಯಲ್ಲಿ ಜಪಾನಿ ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸ ಸಿಕ್ಕಿದ್ದೂ ಆ ನೋಟ್‌ಬುಕ್ಕುಗಳ ಪುಣ್ಯ. ಟೋಕಿಯೋದಿಂದ ಸಿಟ್ಟಿನಲ್ಲಿ ಕೂಗಾಡುವವರು ಇವಳ ಮೆಲುದನಿ ಕೇಳಿ ತಾವೇ ತಣ್ಣಗಾಗುತ್ತಿದ್ದರು. ಮೇಲಿನವರು ಕೇಳಿದರೆ "ಟ್ರೈನಿಂಗ್" ಅನ್ನುತ್ತಿದ್ದಳು. ಅದು ಸೆಗಾವಾಳ ದನಿ ಅಂತ ಅವಳಿಗೊಬ್ಬಳಿಗೆ ಗೊತ್ತು.

ರಜನಿ ಮಿಸ್‌ನ ಹಳೇ ವಿದ್ಯಾರ್ಥಿಗಳು ಏಳು ಜನ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪೇ ಸೆಗಾವಾ ಸಂಘ. ಹೊಸ ಹಾಡು ಬಂದರೆ ಅರ್ಥ ಬರೆದು ಹಾಕುವುದು ಧನುಶ್ರೀಯ ಪಾಲಿನ ಕೆಲಸ. ಏಳನೇ ಆಲ್ಬಂ ಆ ಬುಧವಾರ ಬಂದಿತ್ತು. ಹೆಸರು 'ಆಶಿಬ್ಯೋಶಿ', ಅಂದರೆ ಕಾಲಲ್ಲಿ ಹಾಕುವ ತಾಳ.

"ಇದೇನು ಮಿಸ್, ಮದುವೆ ರಿಸೆಪ್ಷನ್ನಿನ ಡಿಜೆ ಥರ ಇದೆ" ಅಂತ ಬರೆದಿದ್ದ ದರ್ಶನ್.

"ಒಂದು ವಾಕ್ಯ ಪೂರ್ತಿ ಹೇಳಲ್ಲ ಮಹಾತಾಯಿ. ನನ್ನ ಪಾಠಕ್ಕೆ ಬರಲ್ಲ ಇದು" ಅಂತ ರಜನಿ ಮಿಸ್.

ಮತ್ತೆ ದರ್ಶನ್: "ನಮ್ಮ ಸೆಗಾವಾ ಅಕ್ಕ ಕೈಬಿಟ್ಟು ಹೋದ್ಲು ಬಿಡಿ. ಧನು, ಅರ್ಥ ಯಾವಾಗ ಹಾಕ್ತೀಯ?"

"ಅವಳು ಹಸಿ ಬಾಣಂತಿ ಕಣೋ, ಬಾಯ್ಮುಚ್ಚು" ಅಂತ ಗುಂಪಿನ ಇನ್ನೊಬ್ಬಳು.

ಯಾರೋ ಒಂದು ಸಂದರ್ಶನವನ್ನೂ ಹಾಕಿದ್ದರು. ಓದಬಾರದೆಂಬ ನಿಯಮ ಬದಿಗಿಟ್ಟು, ಫೋನನ್ನು ಹೊದಿಕೆಯೊಳಗೆ ಎಳೆದುಕೊಂಡು ಧನುಶ್ರೀ ಓದಿದಳು. ಇಷ್ಟು ವರ್ಷದ ಮೇಲೆ ಕುಣಿಯುವ ಸಂಗೀತಕ್ಕೆ ಯಾಕೆ ಹೊರಳಿದಿರಿ ಅಂತ ಕೇಳಿದ್ದಕ್ಕೆ ಸೆಗಾವಾ ಹೇಳಿದ್ದಳು: ಆರು ಆಲ್ಬಂ ನನ್ನ ಜನರನ್ನು ಕೂರಿಸಿಯೇ ಇಟ್ಟೆ. ಕಣ್ಣು ಮುಚ್ಚಿ ಕೂತು ಕೇಳುತ್ತಾರೆ. ಹೋದ ವರ್ಷ ಒಂದು ಸಭೆಯಲ್ಲಿ ಕೊನೆಯ ಹಾಡು ಮುಗಿದ ಮೇಲೂ ಯಾರೂ ಏಳಲಿಲ್ಲ. ಎಲ್ಲರೂ ಅದನ್ನು ಮೆಚ್ಚುಗೆ ಅಂದರು. ನನಗೆ ಹೆದರಿಕೆಯಾಯಿತು.

ಧನುಶ್ರೀಗೆ ಸಿಟ್ಟೇ ಬಂತು. ಕೂತು ಕೇಳುವುದರಲ್ಲಿ ಏನು ತಪ್ಪು? ಎರಡೂ ಕಿವಿಯ ಹತ್ತಿ ತೆಗೆದು ಇಯರ್‌ಫೋನ್ ಸಿಕ್ಕಿಸಿದಳು. ಮಗು ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಹಾಲು ಕುಡಿಸಿದ ಹೊತ್ತು ಬರೆದಿಡುವ ಡೈರಿಯ ಹಿಂದಿನ ಪುಟ ತೆರೆದು, ಅರ್ಥ ಬರೆಯಲು ಪೆನ್ನು ಹಿಡಿದಳು.

ಮೊದಲು ಬರೀ ಏಟು. ಧಮ್, ಧಮ್, ಧಮ್, ಧಮ್, ಒಂದೇ ಸಮ, ಬಾಗಿಲು ತಟ್ಟಿದ ಹಾಗೆ. ಪಿಯಾನೊ ಇಲ್ಲ. ಸೆಗಾವಾಳ ದನಿ ಬಂತು, ಅದನ್ನು ಯಂತ್ರದಲ್ಲಿ ಕೊಚ್ಚಿದ್ದರು. ಒಂದು ಚೂರು ಎಡ ಕಿವಿಗೆ, ಒಂದು ಚೂರು ಬಲಕ್ಕೆ. ಹೇಳುತ್ತಿದ್ದದ್ದು ಮೊದಲ ವಾರದ ಪಾಠದಲ್ಲಿ ಕಲಿತ ಪದಗಳು. ಹಿದಾರಿ, ಮಿಗಿ. ಎಡ, ಬಲ. ಧನುಶ್ರೀ ಬರೆದಳು:

ಎಡ. ಬಲ. ನೆಲ ಇನ್ನೂ ಇದೆ.
ಎಡ. ಬಲ. ನೀನೂ ಇದ್ದೀಯ.

ಮತ್ತೆ ಅದೇ. ಮತ್ತೆ ಅದೇ. ಇಷ್ಟು ಹೇಳಲು ಒಂದು ಹಾಡು ಬೇಕಿತ್ತೇನೇ ಅಂತ ಅವಳಿಗೆ ನಗು ಬಂತು, ಹನ್ನೆರಡು ದಿನದಲ್ಲಿ ಮೊದಲ ಸಲ. ನಗುವಾಗ ಹೊಲಿಗೆ ಎಳೆಯಿತು. ನೋಡಿದರೆ ಹೊದಿಕೆಯಡಿ ಬಲಗಾಲು ತನ್ನಷ್ಟಕ್ಕೆ ತಾನು ತಾಳ ಹಾಕುತ್ತಿತ್ತು. 'ಮಿಗಿ' ಅಂದಾಗಲೆಲ್ಲ ಹೊದಿಕೆಯ ಆ ಬದಿ ಸಣ್ಣಗೆ ಏಳುತ್ತಿತ್ತು, ಬೀಳುತ್ತಿತ್ತು. ಹೇಳಿಸಿಕೊಳ್ಳದೆ ಎದ್ದ ಕಾಲು ಅದು.

'ಹಿದಾರಿ' ಅಂದಾಗ ಈ ಬದಿ ಏಳಲಿಲ್ಲ.

ಬೇಕೆಂದೇ ಕಾದಳು. ಹಿದಾರಿ. ಕಾಲು ಮರದ ಕೊರಡಿನ ಹಾಗೆ ಬಿದ್ದಿತ್ತು. ಹಿದಾರಿ. ಪಾದವನ್ನು ತನ್ನ ಕಡೆಗೆ ಬಗ್ಗಿಸಿ ಎತ್ತಲು ನೋಡಿದಳು, ಮೀನಖಂಡದೊಳಗೆ ಚೂರಿ ತಿರುಗಿಸಿದಂತಾಗಿ ಹಲ್ಲು ಕಚ್ಚಿಕೊಂಡಳು. ಒಂದು ಬದಿ ಏಳುತ್ತ, ಒಂದು ಬದಿ ಸತ್ತ ಹಾಗೆ ಮಲಗಿದ್ದ ಹೊದಿಕೆಯನ್ನು ನೋಡಿ ಅವಳು ಪೆನ್ನು ಕೆಳಗಿಟ್ಟಳು. ಹನ್ನೆರಡು ದಿನ ಮಲಗಿಯೇ ಇದ್ದವಳಿಗೆ ಎರಡು ಕಾಲನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ನೋಡುವ ಸಂದರ್ಭವೇ ಬಂದಿರಲಿಲ್ಲ.

ಹಾಡು ನಿಲ್ಲಿಸಿ ಎದ್ದು ಕೂತಳು. ಫೋನ್ ಚಾರ್ಜರಿನ ವಯರನ್ನು ಬಲ ಮೀನಖಂಡಕ್ಕೆ ಸುತ್ತಿ, ಕೂಡಿದ ಜಾಗದಲ್ಲಿ ಉಗುರಿಟ್ಟು ಹಿಡಿದಳು. ಅದನ್ನೇ ಎಡಕ್ಕೆ ಸುತ್ತಿದರೆ ಎರಡು ಬೆರಳು ಸಾಲದಾಯಿತು. ಮುಟ್ಟಿದರೆ ಬಿಸಿ, ಮಗುವಿನ ಹಾಲಿನ ಬಾಟಲಿಯ ಹಾಗೆ. ಡೈರಿ ತಿರುವಿ ಆ ದಿನದ ಪುಟದಲ್ಲಿ, 'ಏಳೂ ಹತ್ತು, ಎಡಗಡೆ, ಹದಿನೈದು ನಿಮಿಷ ಕುಡಿದಳು' ಎಂಬ ಸಾಲಿನ ಕೆಳಗೆ ಬರೆದಳು: 'ಎಡ ಮೀನಖಂಡ ಎರಡು ಬೆರಳು ದಪ್ಪ. ಬಿಸಿ. ಪಾದ ಎತ್ತಲು ಆಗ್ತಿಲ್ಲ.' ಬರೆದ ಮೇಲೆ ಅದನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ.

"ಹರ್ಷ, ಇಲ್ಲಿ ಬಾ."

ಹರ್ಷ ಸೌಟು ಹಿಡಿದೇ ಬಂದ. ಕಾಲು ನೋಡಿ ಅವನ ಮುಖ ಇಳಿಯಿತು. ಆದರೆ ಅವನು ಮಾಡಿದ್ದು ಅವಳು ಹೆದರಿದ್ದನ್ನೇ. ಫೋನ್ ತೆಗೆದು ಮೈಸೂರಿಗೆ ಹಚ್ಚಿದ.

ಜಯಮಾಲಾ ಊಟ ಅರ್ಧಕ್ಕೆ ಬಿಟ್ಟು ಎಂಜಲು ಕೈಯಲ್ಲೇ ಬಂದಳು. "ಕಾಲು ಹತ್ರ ತೋರ್ಸಿ. ಹೂಂ. ಇದು ವಾಯು. ನಾನು ಹೇಳಿದ್ನಲ್ಲ, ಯಾವಾಗ್ಲೋ ಚೀಲ ತೆಗ್ದಿದಾಳೆ, ಗಾಳಿ ಹೊಕ್ಕಿದೆ. ಹೆದರ್ಬೇಡಿ. ಎಳ್ಳೆಣ್ಣೆ ಬಿಸಿ ಮಾಡಿ. ಮಂಡಿ ಹಿಂದಿನಿಂದ ಹಿಡಿದು ಕೆಳಗೆ, ಕೆಳಗಿಂದ ಮೇಲಕ್ಕೆ, ಗಟ್ಟಿಯಾಗಿ ಒತ್ತಿ. ಅವಳು ಕೂಗಿದ್ರೂ ಬಿಡ್ಬೇಡಿ. ಕೂಗಿದಷ್ಟೂ ವಾಯು ಬಿಡತ್ತೆ."

ಹರ್ಷ ಎಣ್ಣೆ ಕಾಯಿಸಿ ತಂದ. ಮಂಚದ ತುದಿಗೆ ಟವೆಲ್ ಹಾಸಿ, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಂಗೈಗೆ ಎಣ್ಣೆ ಸುರಿದುಕೊಂಡ. ಎಣ್ಣೆಯ ಬಿಸಿ ವಾಸನೆ ಕೋಣೆ ತುಂಬಿತು. ಅವನ ಹೆಬ್ಬೆರಳು ಮಂಡಿಯ ಹಿಂದೆ ಬಂದು ಕೂತಿತು.

ಆ ಕ್ಷಣ ಧನುಶ್ರೀಗೆ ಒಂದು ಚಿತ್ರ ನೆನಪಾಯಿತು. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಕಾಗದದ ಮೇಲಿದ್ದ ಒಂದು ಕಾಲಿನ ಚಿತ್ರ, ಮೀನಖಂಡಕ್ಕೆ ಕೆಂಪು ಬಣ್ಣ. ಬಾಣಂತಿ ಓದಬಾರದು ಅಂತ ಅದನ್ನು ಡಯಪರ್ ಇಡುವ ಡ್ರಾಯರಿನಲ್ಲಿ ಹಾಕಿಟ್ಟಿದ್ದರು.

"ಕೈ ತೆಗಿ ಹರ್ಷ."

"ಸ್ವಲ್ಪ ತಡ್ಕೋ, ಧನು. ಅತ್ತೆ ಹೇಳ್ತಿದಾರೆ."

"ಕೈ ತೆಗಿ ಅಂದೆ. ಡ್ರಾಯರ್‌ನಲ್ಲಿ ಒಂದು ಪೇಪರ್ ಇದೆ, ತಗೊಂಡ್ ಬಾ. ಮೊದಲು ಅದನ್ನ ಓದು."

ಹರ್ಷ ಎಣ್ಣೆಗೈಯಲ್ಲೇ ಕಾಗದ ತಂದು ಗಟ್ಟಿಯಾಗಿ ಓದಿದ. ಒಂದು ಕಾಲು ಮಾತ್ರ ಊದಿದರೆ, ಬಿಸಿಯಾದರೆ, ಒತ್ತಬೇಡಿ, ಉಜ್ಜಬೇಡಿ, ತಕ್ಷಣ ಕರೆ ಮಾಡಿ. ಓದುತ್ತ ಓದುತ್ತ ಅವನ ದನಿ ಸಣ್ಣಗಾಯಿತು.

"ಅದು ಅವರ ಮೈಗೆ ಬರೆದಿರೋದು, ನಮ್ಮ ಮೈಗಲ್ಲ" ಅಂದಳು ಜಯಮಾಲಾ. "ಆ ಆಸ್ಪತ್ರೆ ತುಂಬ ಕೊರೊನಾ. ದಿನಾ ಎಣಿಸಿ ಎಣಿಸಿ ಹೇಳ್ತಿದಾರೆ ಟೀವೀಲಿ. ಹಸಿ ಬಾಣಂತೀನ, ಕಿವಿ ಬಿಚ್ಚಿ, ತಲೆ ಬಿಚ್ಚಿ ಅಲ್ಲಿಗೆ ಕರ್ಕೊಂಡ್ ಹೋಗ್ತೀರಾ? ಒಬ್ಬಳು ಎದ್ದು ಹೋಗಿದ್ದು ಸಾಕಾಗಿಲ್ವಾ ನಂಗೆ?"

ಹರ್ಷ ಅತ್ತೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಎಣ್ಣೆ ಅವನ ಮೊಣಕೈಯಿಂದ ಟವೆಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಮಗು ಎದ್ದು ಅಳತೊಡಗಿತು. ಅಮ್ಮ ಹೇಳುತ್ತಿರುವುದು ನಿಜವಾಗಿದ್ದರೆ? ಮಗುವಿನ ಮನೆಗೆ ತಾನೇ ರೋಗ ಹೊತ್ತು ತಂದರೆ? ಕಾಗದ ನಿಜವಾಗಿದ್ದರೆ? ಎರಡಕ್ಕೂ ಸಾವೇ ಕೊನೆ, ಯಾವ ಬಾಗಿಲಿಂದ ಅನ್ನುವುದಷ್ಟೇ ಪ್ರಶ್ನೆ. ಧನುಶ್ರೀ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು. ಅದು ಬಾಯಿ ಹಾಕಿ ಎಳೆದಾಗ ಅವಳಿಗೆ ಒಂದು ವಿಷಯ ಖಚಿತವಾಯಿತು: ಏನೇ ಆದರೂ ಈ ಕಾಲು ತನ್ನದು, ಸುಳ್ಳು ಹೇಳಿದ್ದೂ ತಾನೇ.

"ಅಮ್ಮ, ಆಮೇಲೆ ಮಾಡ್ತೀನಿ" ಅಂದು ಕರೆ ಕತ್ತರಿಸಿದಳು. ಮೂವತ್ತು ವರ್ಷದಲ್ಲಿ ಅಮ್ಮನ ಮಾತನ್ನು ನಡುವೆ ಕತ್ತರಿಸಿದ್ದು ಅದೇ ಮೊದಲು.

ಮರೇಡ್ ಎರಡನೇ ರಿಂಗಿಗೆ ಎತ್ತಿದಳು. ಧನುಶ್ರೀ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಚ್ಚಲಿಗೆ ಬಿಟ್ಟರೆ ಹನ್ನೆರಡು ದಿನದಿಂದ ಹಾಸಿಗೆಯಿಂದ ಎದ್ದಿಲ್ಲ. ನೀರು ದಿನಕ್ಕೆ ಎರಡು ಲೋಟ. ನೋವು ನಾಲ್ಕು ದಿನದಿಂದ.

"ನನ್ನ ಹತ್ರ ಗ್ರ್ಯಾಂಡ್ ಅಂದಿದ್ದೆ ನೀನು."

"ಸುಳ್ಳು ಹೇಳಿದೆ."

"ಸರಿ. ಈಗ ನಿಜ ಹೇಳು. ಎದೆ ನೋಯ್ತಿದ್ಯಾ? ಉಸಿರು ಸಿಕ್ಕಿಹಾಕ್ಕೊಳ್ತಿದ್ಯಾ?"

"ಇಲ್ಲ."

"ಆ ಕಾಲನ್ನ ಯಾರೂ ಮುಟ್ಟಕೂಡದು. ಒಂದು ಬೆರಳೂ ಸೋಕಬಾರದು. ಈಗಲೇ ಕಾರು ಹತ್ತು. ನೀನು ಬರ್ತಿದೀಯ ಅಂತ ನಾನು ಆಸ್ಪತ್ರೆಗೆ ಹೇಳಿರ್ತೀನಿ."

ಖಾಲಿ ಲುವಾಸ್ ಟ್ರಾಮೊಂದು ಗಂಟೆ ಬಾರಿಸಿಕೊಂಡು ಹೋದ ಮೇಲೆ ಹಳಿ ದಾಟಿದರೆ ಆಸ್ಪತ್ರೆ ಐದು ನಿಮಿಷದ ದಾರಿ. ಹಿಂದಿನ ದಿನವಷ್ಟೇ ಮನೆಯಿಂದ ಐದು ಕಿಲೋಮೀಟರ್ ತನಕ ಹೋಗಬಹುದು ಅಂತ ಸರ್ಕಾರ ಸಡಿಲ ಮಾಡಿತ್ತು, ಆದರೂ ರಸ್ತೆಯಲ್ಲಿ ಜನ ಇರಲಿಲ್ಲ. ಬಾಗಿಲಲ್ಲಿ ನಿಂತವನು ಕೈ ಅಡ್ಡ ಹಿಡಿದ. ರೋಗಿ ಮಾತ್ರ ಒಳಗೆ. ಗಾಲಿಕುರ್ಚಿ ಬಂತು. ಹಿಂದೆ ತಿರುಗಿ ನೋಡಿದಾಗ ಹರ್ಷ ಕಾರಿನ ಪಕ್ಕ ನಿಂತು ಮಗುವನ್ನು ಎದೆಗವಚಿಕೊಂಡು ತೂಗುತ್ತಿದ್ದ. ಅವನ ಅಂಗಿಯ ತೋಳಿನ ಮೇಲೆ ಎಳ್ಳೆಣ್ಣೆಯ ಕಲೆ.

ಒಳಗೆ ಕಾಯುವುದು ಕಷ್ಟವಾಯಿತು. ಪ್ರತಿ ಉಸಿರನ್ನೂ ಅವಳು ಪರೀಕ್ಷೆ ಮಾಡಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಇದು ಪೂರ್ತಿ ಹೋಯಿತಾ? ಮುಂದಿನದು ಹೋಗುತ್ತಾ? ಮಾಸ್ಕಿನೊಳಗೆ ಎಲ್ಲ ಉಸಿರೂ ಅರ್ಧಕ್ಕೇ ನಿಂತಂತೆ ಅನ್ನಿಸುತ್ತಿತ್ತು. ತಲೆಯೊಳಗೆ ಹಾಡು ಬಿಡದೆ ಹೊಡೆದುಕೊಳ್ಳುತ್ತಿತ್ತು, ಎಡ, ಬಲ, ಎಡ, ಬಲ. ಅದಕ್ಕೆ ಬಲಗಾಲು ಏಳಹೋದರೆ ಎರಡೂ ಮಂಡಿಯನ್ನು ಕೈಯಿಂದ ಒತ್ತಿ ಹಿಡಿದಳು. ಹರ್ಷನ ಮೆಸೇಜು ಬಂತು: 'ಬಾಟಲಿ ಬಾಯಿಗೇ ತಗೊಳ್ತಿಲ್ಲ.' ಆಮೇಲೆ: 'ಉಗೀತಾಳೆ.' ಆಮೇಲೆ ಏನೂ ಇಲ್ಲ. ಎದೆಹಾಲು ಸುರಿದು ಅಂಗಿ ಒದ್ದೆಯಾಯಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಎರಡು ಮೀಟರಿನ ಆಚೆಯಿಂದಲೇ ತನ್ನ ಶಾಲು ಎಸೆದಳು, ಮುಚ್ಚಿಕೋ ಮಗಳೇ ಅಂತ. ಮೈಸೂರಿನಿಂದ ಹದಿನಾಲ್ಕು ಕರೆ ಬಂದು ಹೋಗಿದ್ದವು.

ಸ್ಕ್ಯಾನ್ ಮಾಡುವ ಹುಡುಗಿ ತೊಡೆಸಂದಿಗೆ ತಣ್ಣನೆಯ ಜೆಲ್ ಹಚ್ಚಿ ಅಲ್ಲೊಮ್ಮೆ ಒತ್ತಿದಳು, ಮಂಡಿಯ ಹಿಂದೊಮ್ಮೆ ಹಗುರಾಗಿ ಒತ್ತಿದಳು. ಪರದೆಯ ಮೇಲೆ ಕಪ್ಪು ಉಂಗುರದಂತೆ ಕಾಣುವ ರಕ್ತನಾಳ ಒತ್ತಿದಾಗ ಚಪ್ಪಟೆಯಾಗಬೇಕಂತೆ. ಬಲಗಾಲಿನಲ್ಲಿ ಆಯಿತು. ಎಡಗಾಲಿನಲ್ಲಿ ಮಂಡಿಯಿಂದ ಕೆಳಗೆ ಆಗಲಿಲ್ಲ. ಮಾಸ್ಕಿನ ಮೇಲಿನ ಅವಳ ಕಣ್ಣನ್ನೇ ಧನುಶ್ರೀ ನೋಡುತ್ತಿದ್ದಳು. ಆ ಕಣ್ಣು ಪರದೆ ಬಿಟ್ಟು ಇತ್ತ ತಿರುಗಲಿಲ್ಲ.

ಡಾಕ್ಟರ್ ಬಂದು ಹಾಸಿಗೆಯ ತುದಿಯಲ್ಲಿ ನಿಂತರು. ರಕ್ತ ಹೆಪ್ಪುಗಟ್ಟಿದೆ, ಉದ್ದಕ್ಕೆ, ಮಂಡಿಯ ತನಕ. ಅದರ ಒಂದು ಚೂರು ಕಿತ್ತು ಮೇಲೆ ಹೋಗಿದ್ದರೆ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇಂಜೆಕ್ಷನ್ ಈಗಲೇ ಶುರು ಮಾಡುತ್ತೇವೆ, ಹಾಲು ಕುಡಿಸಬಹುದು, ತೊಂದರೆಯಿಲ್ಲ. ಬಾಗಿಲ ತನಕ ಹೋದವರು ತಿರುಗಿ ಕೇಳಿದರು: "ಈ ಕಾಲಿಗೆ ಯಾರಾದರೂ ಮಸಾಜ್ ಮಾಡಿದ್ರಾ?"

"ಇಲ್ಲ."

"ಒಳ್ಳೇದು" ಅಂದರು. ಧನುಶ್ರೀಗೆ ಮಂಡಿಯ ಹಿಂದೆ ಕೂತಿದ್ದ ಹರ್ಷನ ಹೆಬ್ಬೆರಳು ನೆನಪಾಯಿತು.

ಒಂದು ದಿನ ಇಟ್ಟುಕೊಂಡರು. ಬಾಟಲಿಯನ್ನು ಮಗು ಕೊನೆಗೂ ಒಪ್ಪಿಕೊಂಡಿತ್ತು. ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಕೂತು ಅವಳು ಸೆಗಾವಾ ಸಂಘಕ್ಕೆ ಹಾಡಿನ ಅರ್ಥ ಹಾಕಿದಳು, ಆ ಎರಡೇ ಸಾಲು.

"ಇಷ್ಟೇನಾ? ಆರು ಆಲ್ಬಂಗೆ ನಾಲ್ಕು ನೋಟ್‌ಬುಕ್ ತುಂಬಿಸಿದೋಳು ನೀನು" ಅಂತ ರಜನಿ ಮಿಸ್ ಕೆಣಕಿದರು.

"ಇಷ್ಟೇ ಮಿಸ್. ಕೂತ್ಕೊಂಡು ಕೇಳಿದ್ರೆ ಅರ್ಥ ಆಗಲ್ಲ" ಅಂತ ಬರೆದಳು.

ಮಧ್ಯಾಹ್ನ ಮನೆಗೆ ಬಂದಾಗ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಹರ್ಷ ಬದಲಿಸಿದ್ದ. ದಿನಕ್ಕೆ ಎರಡು ಇಂಜೆಕ್ಷನ್, ಮೂರು ಲೀಟರ್ ನೀರು, ಎಚ್ಚರ ಇರುವಾಗ ಗಂಟೆಗೊಮ್ಮೆ ನಡಿಗೆ. ಎಳ್ಳೆಣ್ಣೆ ಬಾಟಲಿ ಎಲ್ಲೂ ಕಾಣಲಿಲ್ಲ. ಮಗುವಿಗೆ ಹಾಲು ಕುಡಿಸಿ, ಎರಡು ಲೋಟ ನೀರು ಕುಡಿದು, ಅವಳೇ ಮೈಸೂರಿಗೆ ಕರೆ ಮಾಡಿದಳು. ಹಿಂದಿನ ದಿನ ಹರ್ಷ 'ಅಡ್ಮಿಟ್ ಮಾಡ್ಕೊಂಡಿದಾರೆ, ಹುಷಾರಾಗಿದಾಳೆ' ಅಂತಷ್ಟೇ ತಿಳಿಸಿದ್ದ.

ಜಯಮಾಲಾ ನೆಲದ ಮೇಲೆ ಕೂತಿದ್ದಳು, ಸೂಟ್‌ಕೇಸಿಗೆ ಒರಗಿಕೊಂಡು. ತಲೆ ಬಾಚಿರಲಿಲ್ಲ.

"ಏನಂದ್ರು?"

"ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಮ್ಮ. ಆಪರೇಷನ್ ಆದೋರು ಅಲ್ಲಾಡ್ದೆ ಮಲಗಿದ್ರೆ, ನೀರು ಕುಡೀದೆ ಇದ್ರೆ ಆಗತ್ತಂತೆ. ಈಗ ಔಷಧಿ ಕೊಟ್ಟಿದಾರೆ."

"ವಾಯು ಅಲ್ವಾ?"

"ಅಲ್ಲ."

ಜಯಮಾಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಒತ್ತಿದ್ರೆ ಏನಾಗ್ತಿತ್ತು ಅಂದ್ರು?"

ಧನುಶ್ರೀಗೆ ಬಾಯಿ ತುದಿಗೆ ಬಂದದ್ದು ಆ ಹಳೇ ಪದವೇ. ಏನೂ ಆಗ್ತಿರ್ಲಿಲ್ಲಮ್ಮ, ಎಲ್ಲಾ ಗ್ರ್ಯಾಂಡ್. ಹಾಗೆ ಅಂದುಬಿಟ್ಟರೆ ಅಮ್ಮ ಇವತ್ತು ಊಟ ಮಾಡುತ್ತಾಳೆ. ಆದರೆ ಮೈಸೂರಿನಲ್ಲಿ ನಾಳೆ ಇನ್ಯಾರದೋ ಮನೆಯಲ್ಲಿ ಬಾಣಂತಿಯ ಕಾಲು ಊದಿದರೆ ಎಣ್ಣೆ ಬಟ್ಟಲು ಹಿಡಿದು ಮೊದಲು ಹೋಗುವವಳೂ ಅಮ್ಮನೇ.

"ಹೆಪ್ಪು ಕಿತ್ಕೊಂಡು ಮೇಲೆ ಹೋಗಬಹುದಿತ್ತಂತೆ. ಎದೆಗೆ."

ಜಯಮಾಲಾಳ ಕೈಯಿಂದ ಸೆರಗು ಜಾರಿತು. "ಗೀತಂದೂ ಎಡಗಾಲೇ" ಅಂದಳು.

ಧನುಶ್ರೀ ಕೇಳಿ ಬೆಳೆದ ಕತೆಯಲ್ಲಿ ಹಿತ್ತಲಿತ್ತು, ತಣ್ಣೀರಿತ್ತು. ಕಾಲು ಯಾವತ್ತೂ ಇರಲಿಲ್ಲ.

"ಊದಿತ್ತು. ಮೂರು ದಿನ ನಾನೇ ಕೂತು ಒತ್ತಿದ್ದು. ಹಾಯಾಗತ್ತೆ ಅಕ್ಕ, ಇನ್ನೂ ಒತ್ತು ಅಂತಿದ್ಲು. ಆವತ್ತು ಬೆಳಿಗ್ಗೇನೂ ಒತ್ತಿದೆ. ಆಮೇಲೆ ತಾನೇ ಅವಳು ಎದ್ದು ಹಿತ್ತಲಿಗೆ ಹೋಗಿದ್ದು." ತನ್ನ ಎರಡೂ ಅಂಗೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡಿದಳು. "ನೀರು ಕುಡಿದಿದ್ದಕ್ಕೆ ಅಂತ ಬೈಕೊಂಡೇ ಬಂದೆ ಅವಳನ್ನ. ಇಷ್ಟು ವರ್ಷ."

"ನಿಂಗೆ ಗೊತ್ತಿರ್ಲಿಲ್ಲಮ್ಮ. ಯಾರಿಗೂ ಗೊತ್ತಿರ್ಲಿಲ್ಲ."

"ಡಾಕ್ಟ್ರಿಗೆ ತೋರ್ಸಿದ್ರೆ ಗೊತ್ತಾಗ್ತಿತ್ತು."

ಧನುಶ್ರೀ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು. ಅಮ್ಮನ ಕಣ್ಣೊರೆಸಲು ಕೈ ಮೈಸೂರಿಗೆ ಎಟುಕುವುದಿಲ್ಲ. ಹರ್ಷ ಮಗುವನ್ನು ಭುಜಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಅಷ್ಟರಲ್ಲಿ ಅಡುಗೆಮನೆಯ ಟೈಮರ್ ಕೂಗಿತು.

"ಅಮ್ಮ, ನಾನೀಗ ನಡೀಬೇಕು. ಹತ್ತು ನಿಮಿಷ. ನೀನು ಫೋನ್ ಇಡಬೇಡ, ಅಲ್ಲೇ ಕೂತು ನೋಡ್ತಿರು."

ಹರ್ಷ ಫೋನನ್ನು ಹಜಾರದ ಕೊನೆಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒರಗಿಸಿದ. ಧನುಶ್ರೀ ಗೋಡೆ ಹಿಡಿದು ನಿಂತು ಸ್ಪೀಕರಿನಲ್ಲಿ ಹಾಡು ಹಾಕಿದಳು. ಧಮ್, ಧಮ್, ಧಮ್, ಧಮ್.

"ಏನೇ ಈ ಗದ್ದಲ, ಬಾಣಂತಿ ಕಿವಿಗೆ" ಅಂತ ಶುರು ಮಾಡಿದ ಜಯಮಾಲಾ ಅರ್ಧಕ್ಕೇ ನಿಲ್ಲಿಸಿದಳು. "ಹತ್ತಿನಾದ್ರೂ ಇಟ್ಕೊಂಡಿದೀಯಾ?" ಅಂದಳು.

"ಇಟ್ಕೊಂಡಿದೀನಿ, ನೋಡು." ತಲೆಯ ಬಟ್ಟೆ ಸರಿಸಿ ತೋರಿಸಿದಳು. ಹತ್ತಿಯಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ವಾರ್ಡಿನಲ್ಲಿ ಕೇಳಿಕೊಂಡೇ ಬಂದಿದ್ದಳು.

"ನಿನ್ನ ಜಪಾನಿನವಳೇನಾ? ಅವಳು ಅಳೋ ಹಾಡು ಹಾಡ್ತಿದ್ಲಲ್ವಾ?"

"ಈಗ ಬಿಟ್ಟಿದಾಳೆ."

"ಏನಂತಾಳೆ ಇದ್ರಲ್ಲಿ?"

"ಎಡ, ಬಲ, ನೆಲ ಇನ್ನೂ ಇದೆ ಅಂತಾಳೆ."

"ಅಷ್ಟೇನಾ?"

"ಅಷ್ಟೇ ಅಮ್ಮ."

ಜಯಮಾಲಾ ಮೂಗೆಳೆದುಕೊಂಡಳು. ಕಡೆಗೆ ಬೆನ್ನಿಗಿದ್ದ ಸೂಟ್‌ಕೇಸನ್ನು ಎಳೆದು ಅಡ್ಡ ಮಲಗಿಸಿಕೊಂಡು, ಅದರ ಮೇಲೆ ಅಂಗೈ ಬಡಿದಳು. ಹಾಡಿಗಿಂತ ತಡವಾಗಿ ಕೇಳಿಸಿತು ಅದು, ಅಷ್ಟು ದೂರದಿಂದ ಬರಬೇಕಲ್ಲ. ಧನುಶ್ರೀ ಹಾಡನ್ನು ಸಣ್ಣ ಮಾಡಿ ಅಮ್ಮನ ಕೈ ನೋಡುತ್ತ ಬಲಗಾಲು ಇಟ್ಟಳು. ಆಮೇಲೆ ಎಡಗಾಲು ಎತ್ತಿದಳು. ಅದು ಭಾರವಾಗಿ, ಉಜ್ಜಿಕೊಂಡು, ಅರ್ಧ ಏಟು ಹಿಂದೆ ಬಂತು. ಮೈಸೂರಿನಲ್ಲಿ ಸೂಟ್‌ಕೇಸಿನ ಮೇಲೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಕಾಲು ನೆಲಕ್ಕೆ ಮುಟ್ಟಿದ್ದು ಕಂಡ ಮೇಲೆ ಕೆಳಗಿಳಿಯಿತು.